ಸೋಲುವ ನೌಕರಿ

ನಗುವಂಥದ್ದು ಏನಾದರೂ ನಡೆಯಬೇಕಾದರೆ ಅದು ಊರೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ನಗುತ್ತಿದ್ದವರು ಮಾತ್ರ ಬೇರೆಯವರು.

ನಾನು ವೃತ್ತಿಯಿಂದ ಬ್ಯಾಡ್ಮಿಂಟನ್ ಆಟಗಾರ. ಹೀಗೆಂದರೆ ಕೇಳಿದವರು ಕಪ್ಪು, ಮೆಡಲು, ಪೇಪರಿನಲ್ಲಿ ಫೋಟೋ ಅಂತ ಏನೇನೋ ಊಹಿಸಿಕೊಳ್ಳುತ್ತಾರೆ. ನನ್ನ ಕಾಲದಲ್ಲಿ, ಅಂದರೆ ಇನ್ನೂ ಮಹಾರಾಜರ ಆಳ್ವಿಕೆ ಇದ್ದಾಗ, ಕೋಲಾರದಲ್ಲಿ ಆಟಕ್ಕೆ ಸಂಬಳ ಸಿಗುತ್ತಿದ್ದ ಜಾಗ ಒಂದೇ: ಅಧಿಕಾರಿಗಳ ಕ್ಲಬ್ಬು. ಅಲ್ಲಿ ನನ್ನನ್ನು ಮಾರ್ಕರ್ ಅನ್ನುತ್ತಿದ್ದರು. ಮಧ್ಯಾಹ್ನ ಕೋರ್ಟು ಗುಡಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ನೆಟ್ಟು ಕಟ್ಟಬೇಕು. ಸಂಜೆ ಮೆಂಬರುಗಳು ಬಂದರೆ ಅವರ ಜೊತೆ ಆಡಬೇಕು. ಹದಿನಾಲ್ಕು ವರ್ಷ ಆಡಿದೆ.

೧. ಪರೀಕ್ಷೆ

ನಮ್ಮದು ಕ್ಯಾಲನೂರು. ಮನೆಯಲ್ಲಿ ರಾಗಿ, ಹಿಪ್ಪುನೇರಳೆ, ನಾಲ್ಕು ಹಸು. ಕೋಲಾರದ ಹೈಸ್ಕೂಲಿಗೆ ಸೇರಿದಾಗ ಡ್ರಿಲ್ ಮೇಷ್ಟರು ಕೈಗೆ ಬ್ಯಾಟು ಕೊಟ್ಟರು. ಪುಸ್ತಕ ಹಿಡಿಯದ ಕೈ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದ ಮೇಲೆ ಅದೇ ಮೇಷ್ಟರು ಕನಿಕರಪಟ್ಟು ಕ್ಲಬ್ಬಿನ ಸೆಕ್ರೆಟರಿಯವರ ಹತ್ತಿರ ಕಳಿಸಿದರು. ಸೆಕ್ರೆಟರಿಯವರು ವಕೀಲರು. ಊರಿನಲ್ಲೇ ಒಳ್ಳೆಯ ಆಟಗಾರರೆಂದು ಅವರ ಹೆಸರಿತ್ತು. ಆ ಹೆಸರು ಅವರೇ ಇಟ್ಟುಕೊಂಡದ್ದೆಂದು ನನಗೆ ಗೊತ್ತಿರಲಿಲ್ಲ.

"ಆಟ ಬರುತ್ತೇನಯ್ಯಾ?"

"ಬರುತ್ತೆ ಸ್ವಾಮಿ."

"ಬಾ, ನೋಡೋಣ."

ನನಗೆ ಕೆಲಸ ಬೇಕಾಗಿತ್ತು. ಜೀವ ಪಣಕ್ಕಿಟ್ಟು ಆಡಿದೆ. ಹದಿನೈದು–ಎರಡಕ್ಕೆ ಗೆದ್ದೆ. ಆ ಎರಡೂ ನಾನು ಕಾಲು ಜಾರಿದಾಗ ಬಂದದ್ದು. ವಕೀಲರು ಟವೆಲಿನಿಂದ ಮುಖ ಒರೆಸಿಕೊಂಡರು, ಕುತ್ತಿಗೆ ಒರೆಸಿಕೊಂಡರು, ಆಮೇಲೆ ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡರು.

"ಚೆನ್ನಾಗಿ ಆಡ್ತೀಯ. ಕೆಲಸ ನಿಂದೇ. ನಾಳೆಯಿಂದ ಇಷ್ಟು ಚೆನ್ನಾಗಿ ಆಡಬೇಡ."

ಅವತ್ತೇ ಪಾಠವೂ ಆಯಿತು. ಮೆಂಬರು ಗೆಲ್ಲಬೇಕು. ಸುಲಭವಾಗಿ ಗೆದ್ದರೆ ಅವರಿಗೆ ಖುಷಿಯಿರುವುದಿಲ್ಲ, ಹಾಗಾಗಿ ಕಷ್ಟಪಟ್ಟು ಗೆಲ್ಲಬೇಕು. ಕಷ್ಟವೂ ಅವರ ಉಸಿರು ಕಟ್ಟುವಷ್ಟಿರಬಾರದು. ನಾನು ಸೋಲುವುದು ನನಗೆ ಗೊತ್ತಿರಬೇಕು, ಅವರಿಗೆ ಗೊತ್ತಾಗಬಾರದು.

ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹಸುವಿಗೆ ಹುಲ್ಲು ಹಾಕುವುದನ್ನು ನಿಲ್ಲಿಸಿ ಕೇಳಿದ. "ಯಾವ ಲಾಯರಪ್ಪ? ದಪ್ಪ ಕನ್ನಡಕದೋನಾ?"

"ಹೂಂ."

"ಥೂ ಅವ್ನ! ನಮ್ಮ ಬದುವಿನ ಕೇಸು ಸೋಲೋಕೆ ನನ್ನ ಹತ್ರಾನೇ ಫೀಜು ತಗೊಂಡ್ನಲ್ಲೋ. ನಿಂಗೆ ಸೋಲೋಕೆ ಅವನೇ ಕೊಡ್ತಾನಾ?"

೨. ನೆಟ್ಟು

ಆ ಕಾಲದ ಡೆಪ್ಟಿ ಕಮಿಷನರ್ ಸಾಹೇಬರು ಭಾರೀ ಆಳು. ಆಡುವಾಗ ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಶಟಲ್ ಕಾಕನ್ನು ನಾವು ಬರಿಯ ಕಾಕು ಅನ್ನುತ್ತಿದ್ದೆವು. ಆ ಕಾಕು ಸಾಹೇಬರ ಬ್ಯಾಟು ಎಲ್ಲಿದೆಯೋ ಅಲ್ಲಿಗೇ ಹೋಗಿ ತಾಗುವಂತೆ ಹೊಡೆಯುವುದನ್ನು ಒಂದೇ ತಿಂಗಳಲ್ಲಿ ಕಲಿತೆ. ಆದರೂ ಅವರು ಹೊಡೆದದ್ದು ನೆಟ್ಟಿಗೇ ಬೀಳುತ್ತಿತ್ತು. ಅದಕ್ಕೆ ನಾನೇನು ಮಾಡಲಿ?

ಒಂದು ಸಂಜೆ ಸತತವಾಗಿ ಆರು ಸಲ ನೆಟ್ಟಿಗೆ ಬಿತ್ತು. ಅಂಪೈರಾಗಿ ಕೂತಿದ್ದ ಪೊಲೀಸ್ ಇನ್‌ಸ್ಪೆಕ್ಟರು ಎದ್ದು ನಿಂತರು.

"ಏನೋ ಮಾರ್ಕರ್, ನೆಟ್ಟು ಎತ್ತರ ಕಟ್ಟಿದೀಯಲ್ಲೋ?"

"ಅಳತೆ ಸರಿಯಾಗಿದೆ ಸ್ವಾಮಿ. ಕೋಲು ಇಟ್ಟು ನೋಡೇ ಕಟ್ಟಿದ್ದು."

"ಹಾಗಾದರೆ ಕೋಲು ಉದ್ದ ಇದೆ."

ಕೋಲು ಕತ್ತರಿಸಿದೆ. ಮುಂದಿನ ವಾರ ಇನ್ನೊಂದಿಷ್ಟು ಕತ್ತರಿಸಬೇಕಾಯಿತು. ದಸರಾ ಕಳೆಯುವ ಹೊತ್ತಿಗೆ ನೆಟ್ಟು ನನ್ನ ಹೊಟ್ಟೆಯ ಮಟ್ಟಕ್ಕೆ ಬಂದಿತ್ತು. ಸಾಹೇಬರ ಆಟ ಎಷ್ಟು ಸುಧಾರಿಸಿದೆಯೆಂದು ಊರೆಲ್ಲ ಮಾತಾಡಿಕೊಂಡಿತು. ಇನ್‌ಸ್ಪೆಕ್ಟರಿಗೆ ಬಡ್ತಿಯೂ ಆಯಿತು.

ಆಮೇಲೆ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದರು. ಆಟ ಬಲ್ಲವರು, ಎತ್ತರದ ಮನುಷ್ಯ. ಕೋರ್ಟಿಗೆ ಕಾಲಿಟ್ಟವರೇ ನೆಟ್ಟನ್ನೂ ನನ್ನನ್ನೂ ಒಮ್ಮೆ ನೋಡಿದರು. "ಇದೇನಯ್ಯಾ, ಮಕ್ಕಳ ಬಟ್ಟೆ ಒಣಗಿಸೋಕೆ ಕಟ್ಟಿದೀಯಾ?" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಡ್ತಿಯಾದ ಇನ್‌ಸ್ಪೆಕ್ಟರು. "ಎಷ್ಟು ಸಲ ಹೇಳಿದೀನಿ ಸಾರ್, ಈ ಹಳ್ಳಿಯೋನಿಗೆ ಅಳತೆ ಅನ್ನೋದೇ ಗೊತ್ತಾಗಲ್ಲ," ಅಂದರು.

೩. ಮಡಿ ಬ್ಯಾಟು

ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೆ ಐವತ್ತರ ಮೇಲೆ ಆಟದ ಹುಚ್ಚು ಹಿಡಿಯಿತು. ಡಾಕ್ಟರು ಹೊಟ್ಟೆ ಕರಗಿಸಿ ಅಂದಿದ್ದರಂತೆ. ಬಹಳ ಮಡಿವಂತರು. ನಾನು ಮುಟ್ಟಿದ ಹೂಜಿಯಿಂದ ನೀರು ಕುಡಿಯುತ್ತಿರಲಿಲ್ಲ. ನಾನು ಮುಟ್ಟಿದ ಕಾಕನ್ನು ಮಾತ್ರ ಹೊಡೆಯುತ್ತಿದ್ದರು, ಯಾಕೆಂದರೆ ಅದು ಗಾಳಿಯಲ್ಲಿ ಬರುತ್ತಿತ್ತು.

ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಊದಿದರು: ಬ್ಯಾಟಿಗೆ ಹೆಣೆದಿರುವ ಗಟ್ಟು ಅನ್ನುವುದು ಕುರಿಯ ಕರುಳು. ಶಿರಸ್ತೇದಾರರು ಬ್ಯಾಟನ್ನು ಅಲ್ಲೇ ಬಿಸಾಕಿ ಮನೆಗೆ ಓಡಿ ತಣ್ಣೀರು ಸುರಿದುಕೊಂಡರು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದು ಮೆಲ್ಲಗೆ ಕೇಳಿದರು. "ನಿಮ್ಮ ಮನೇಲಿ ರೇಷ್ಮೆ ಹುಳ ಸಾಕ್ತೀರಲ್ಲ. ರೇಷ್ಮೆ ಹುರಿಯಲ್ಲಿ ಹೆಣೆದುಕೊಡೋಕಾಗುತ್ತಾ? ರೇಷ್ಮೆ ಮಡಿ."

ಮನೆಯಲ್ಲಿ ಅಮ್ಮ ಮೂರು ದಿನ ಕೂತು ಹುರಿ ಹೊಸೆದಳು. ನಾನು ಎಳೆದು ಬಿಗಿದೆ. ನೋಡಲು ಲಕ್ಷಣವಾಗಿತ್ತು. ಕಾಕು ತಾಗಿದರೆ ಒದ್ದೆ ಗೋಣಿಗೆ ಹೊಡೆದ ಹಾಗೆ ಸದ್ದು. ಎಷ್ಟು ಹೊಡೆದರೂ ನೆಟ್ಟಿನ ಈಚೆಗೇ ಬೀಳುತ್ತಿತ್ತು. ನಾನು ತಡೆಯಲಾರದೆ ಕೇಳಿದೆ.

"ಸ್ವಾಮಿ, ತಪ್ಪು ತಿಳ್ಕೋಬೇಡಿ. ಆ ಬ್ಯಾಟಿಗೆ ಒಂದೋ ಎರಡೋ ಕುರಿ ಸತ್ತಿದ್ವು. ಈ ಹುರಿಗೆ ಬುಟ್ಟಿಗಟ್ಟಲೆ ಹುಳ ಬಿಸಿನೀರಲ್ಲಿ ಬೆಂದಿದಾವೆ."

ಶಿರಸ್ತೇದಾರರು ನನ್ನನ್ನು ಕನಿಕರದಿಂದ ನೋಡಿದರು.

"ಹುಳ ಸತ್ತರೆ ಮಡಿ, ಕುರಿ ಸತ್ತರೆ ಮೈಲಿಗೆ. ನಿನಗೆ ಇದೆಲ್ಲ ಅರ್ಥ ಆಗಲ್ಲ. ನೀನು ಸರ್ವಿಸ್ ಹಾಕು."

೪. ಮಾಲೂರಿನ ಮೊಣಕೈ

ಒಂದು ಸಲವಾದರೂ ಸರಿಯಾಗಿ ಆಡಬೇಕು, ಯಾರು ಏನೆಂದುಕೊಂಡರೂ ಸರಿ, ಅನ್ನುವ ಆಸೆ ಬೆಂಕಿಯ ಹಾಗೆ ಸುಡುತ್ತಿದ್ದ ಕಾಲ. ಮಾಲೂರಿನಲ್ಲಿ ಟೂರ್ನಮೆಂಟು ಅಂತ ಗೊತ್ತಾಯಿತು. ನನಗೆ ಹೊಟ್ಟೆನೋವು ಅಂತ ಸೆಕ್ರೆಟರಿಯವರಿಗೆ ಹೇಳಿ, ಬ್ಯಾಟನ್ನು ಪಂಚೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ.

ಹೆಸರು ಬರೆದುಕೊಳ್ಳುತ್ತಿದ್ದವರು ಅಲ್ಲಿಯ ಹೈಸ್ಕೂಲಿನ ಮೇಷ್ಟರು. ನನ್ನ ಮುಖ ನೋಡಿದವರೇ, "ನೀವು ಕೋಲಾರದ ಕ್ಲಬ್ಬಿನ ಮಾರ್ಕರ್ ಅಲ್ವಾ?" ಅಂದರು. ನನ್ನನ್ನು ಗುರುತಿಸಿದರಲ್ಲ ಎಂದು ಎದೆಯುಬ್ಬಿತು. ಹೌದು ಅಂದೆ.

"ಹಾಗಾದರೆ ಆಗಲ್ಲಪ್ಪ. ಇದು ಹವ್ಯಾಸಿಗಳಿಗೆ. ನೀವು ಸಂಬಳಕ್ಕೆ ಆಡೋರು."

ನನಗೆ ಸಂಬಳ ಸಿಗುವುದು ಆಡುವುದಕ್ಕಲ್ಲ, ಸೋಲುವುದಕ್ಕೆ ಅಂತ ಅವರಿಗೆ ಹೇಗೆ ಹೇಳಲಿ? ಬ್ಯಾಟನ್ನು ಮತ್ತೆ ಪಂಚೆಯಲ್ಲಿ ಸುತ್ತತೊಡಗಿದೆ. ಮೇಷ್ಟರಿಗೆ ಪಾಪ ಅನಿಸಿತು. "ಬಂದಿದೀರಿ, ಬರಿಗೈಲಿ ಹೋಗಬೇಡಿ. ನೆಟ್ಟು ಸಡಿಲ ಆಗಿದೆ, ಸ್ವಲ್ಪ ಕಟ್ಟಿಕೊಡಿ," ಅಂದರು. ಕಟ್ಟಿದೆ. ಗೆರೆ ಅಳಿಸಿದೆ ಅಂದರು. ಎಳೆದೆ. ಮೂರು ದಿನ ಮೇಷ್ಟರ ಮನೆಯ ಜಗಲಿಯಲ್ಲಿ ಮಲಗಿ ಆ ಟೂರ್ನಮೆಂಟಿನ ಕೋರ್ಟು ನೋಡಿಕೊಂಡೆ. ಅಲ್ಲಿ ಆಡಿದವರಲ್ಲಿ ಒಬ್ಬನನ್ನೂ ನಾನು ಐದು ಪಾಯಿಂಟು ದಾಟಲು ಬಿಡುತ್ತಿರಲಿಲ್ಲ. ಗೆದ್ದವನು ಅಲ್ಲಿಯ ಅಮಲ್ದಾರರ ಮಗ.

ಕೊನೆಯ ದಿನ ಬೆಂಗಳೂರಿನಿಂದ ಫೋಟೋದವನು ಬಂದಿದ್ದ. ಕಪ್ಪನ್ನು ಪಕ್ಕದ ಮೇಜಿನ ಮೇಲಿಟ್ಟು, ಗೆದ್ದವನು ಬ್ಯಾಟು ಎತ್ತಿ ಹೊಡೆಯುವ ಭಂಗಿ ಬೇಕು ಅಂದ. ಅಮಲ್ದಾರರ ಮಗ ಬ್ಯಾಟು ಎತ್ತಿದರೆ ನೊಣ ಓಡಿಸುವ ಹಾಗೆ ಕಾಣುತ್ತಿತ್ತು. ಮೇಷ್ಟರು ನನ್ನನ್ನು ಕರೆದರು. ನಾನು ಪಕ್ಕದಲ್ಲಿ ನಿಂತು ಅವನ ಕೈಯನ್ನು ಸರಿಯಾದ ಎತ್ತರಕ್ಕೆ ಹಿಡಿದೆ. "ಈಗ ಬಿಟ್ಟು ಆಚೆ ಹೋಗಿ," ಅಂದ ಫೋಟೋದವನು. ನಾನು ಪೂರ್ತಿ ಆಚೆ ಹೋಗುವ ಮೊದಲೇ ತೆಗೆದುಬಿಟ್ಟ.

ಆ ಫೋಟೋ ಆಮೇಲೆ ನಮ್ಮ ಕ್ಲಬ್ಬಿಗೂ ಬಂತು, ಗೋಡೆಗೆ ನೇತುಹಾಕಿದರು. ಅದರ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು. ಫೋಟೋಗೆ ಚೌಕಟ್ಟು ಹಾಕಿಸುವಾಗ ಸೆಕ್ರೆಟರಿಯವರು ಅದನ್ನೂ ಕತ್ತರಿಸಲು ಹೇಳಿದ್ದರಂತೆ. ಕತ್ತರಿಸಿದರೆ ಕಪ್ಪಿನ ಕಿವಿಯೂ ಹೋಗುತ್ತೆ ಅಂದನಂತೆ ಚೌಕಟ್ಟಿನವನು, ಅದಕ್ಕೆ ಉಳಿಯಿತು.

೫. ಪುಕ್ಕದ ಕಂದಾಯ

ಯುದ್ಧ ಶುರುವಾದ ಮೇಲೆ ವಿಲಾಯಿತಿಯಿಂದ ಕಾಕು ಬರುವುದು ನಿಂತಿತು. ಸೀಸೆಯ ಬೂಚಿಗೆ ಕೋಳಿ ಪುಕ್ಕ ಚುಚ್ಚಿ, ಅಂಟು ಹಾಕಿ, ದಾರ ಸುತ್ತಿ ನಾನೇ ಮಾಡತೊಡಗಿದೆ. ಚೆನ್ನಾಗಿಯೇ ಹಾರುತ್ತಿತ್ತು. ಸುದ್ದಿ ಕೇಳಿ ಮುಳಬಾಗಿಲಿನ ಅಮಲ್ದಾರರು ನನ್ನನ್ನು ಕರೆಸಿಕೊಂಡರು. ಅವರೂ ಬಂಗಲೆಯ ಹಿಂದೆ ಕೋರ್ಟು ಮಾಡಿಸಿದ್ದರು.

"ಏನೇನು ಬೇಕು ಹೇಳು."

"ಒಳ್ಳೆ ಬಿಳೀ ಪುಕ್ಕ ಬೇಕು ಸ್ವಾಮಿ. ರೆಕ್ಕೆದು. ಒಂದು ಕೈಚೀಲದಷ್ಟು ಸಾಕು."

ಅಮಲ್ದಾರರು ಹೋಬಳಿಯ ಷೇಕ್‌ದಾರರಿಗೆ ಹೇಳಿದರು, ಷೇಕ್‌ದಾರರು ತಾಯಲೂರಿನ ಪಟೇಲರಿಗೆ ಹೇಳಿದರು, ಪಟೇಲರು ತಳವಾರನ ಕೈಲಿ ತಮಟೆ ಹೊಡೆಸಿ ಸಾರಿಸಿದರು. ಬಾಯಿಂದ ಬಾಯಿಗೆ ಹೋಗುವಾಗ ಕೈಚೀಲ ಎಲ್ಲಿ ಬಿದ್ದುಹೋಯಿತೋ, ಕೊನೆಗೆ ಉಳಿದದ್ದು "ಸರ್ಕಾರಕ್ಕೆ ಬಿಳೀ ಕೋಳಿ ಬೇಕು" ಅಂತ. ಮಾರನೆಯ ದಿನ ಬಂಗಲೆಯ ಮುಂದೆ ಜನವೋ ಜನ. ಎಲ್ಲರ ಕಂಕುಳಲ್ಲೂ ಒಂದೊಂದು ಕೋಳಿ. ಯುದ್ಧಕ್ಕೆ ಅಂತ ಸರ್ಕಾರದವರು ಆಗಲೇ ಕಣದಿಂದ ರಾಗಿ ಅಳೆದುಕೊಂಡು ಹೋಗಿದ್ದರು. ಇದೂ ಅದೇ ಅಂದುಕೊಂಡಿದ್ದರು ಜನ, ಪಾಪ.

ಒಬ್ಬಳು ಮುದುಕಿ ನನ್ನ ಹತ್ತಿರ ಬಂದಳು. ಅವಳ ಕೋಳಿ ಮೊಟ್ಟೆಯಿಡುವ ಹ್ಯಾಟೆ. ಅದರ ತಲೆಯನ್ನು ಸೆರಗಿನಿಂದ ಮುಚ್ಚಿದ್ದಳು.

"ಯಾಕಪ್ಪಾ ನಾಯನಾ, ರಾಗಿ ಕೊಟ್ವಿ. ಈಗ ಕೋಳೀನೂ ಕೇಳ್ತಾವ್ರೆ. ಆ ಜರ್ಮನಿಯೋನು ನನ್ನ ಹ್ಯಾಟೆಗೂ ಹೆದರ್ತಾನಾ?"

ಪುಕ್ಕ ಸಾಕು ಅಜ್ಜಿ, ಕೋಳಿ ಮನೆಗೆ ತಗೊಂಡು ಹೋಗು ಅಂತ ನಾನು ಹೇಳುವಷ್ಟರಲ್ಲಿ ಬಂಗಲೆಯ ಅಡುಗೆಯವನು ಬಂದು ಕಂಕುಳಿಂದ ಕಿತ್ತುಕೊಂಡ. ಒಂದು ವಾರ ಬಂಗಲೆಯಲ್ಲಿ ಸಾರಿನ ಘಮಘಮ. ನನಗೆ ಪುಕ್ಕ ಬಂತು, ಕೇಳಿದಂತೆಯೇ, ಒಂದು ಕೈಚೀಲ. ಅದರಿಂದ ಮಾಡಿದ ಕಾಕಿನಲ್ಲಿ ಅಮಲ್ದಾರರು ನನ್ನನ್ನು ಸೋಲಿಸಿ, ಕೈ ಕುಲುಕಿ, "ನೋಡಿದೆಯಾ, ಜನ ಎಷ್ಟು ಸಹಕಾರ ಕೊಟ್ಟರು," ಅಂದರು.

೬. ಅಳಿಯನ ಆಟ

ಶ್ರೀನಿವಾಸಪುರದಾಚೆ ರಾಯಲ್ಪಾಡಿನ ಹತ್ತಿರ ಮಾವಿನ ತೋಪಿನ ಯಜಮಾನರೊಬ್ಬರು ನನ್ನನ್ನು ಆಟ ಕಲಿಸಲು ಕರೆಸಿಕೊಂಡಿದ್ದರು. ಪಟ್ಟಣದಲ್ಲಿ ಓದಿದ ಅಳಿಯ ಹೆಂಡತಿಯೊಡನೆ ಬಂದಿದ್ದ. ಹಿಂದಿನ ವರ್ಷ ಮಾವನ ಜೊತೆ ಏನೋ ಮಾತು ಬೆಳೆಸಿಕೊಂಡು ಅವಳನ್ನು ಕರೆದುಕೊಂಡು ಹೋದವನು ವರ್ಷವೆಲ್ಲ ಅತ್ತೆ ಮಾವನಿಗೆ ಮಗಳ ಮುಖ ತೋರಿಸಿರಲಿಲ್ಲ. ಈ ಸಲ ಮಾವ, ಅಳಿಯ ಎದುರು ಬದುರು ಆಡುವುದೆಂದಾಯಿತು. ನಾನು ಅಳಿಯನ ಜೊತೆ, ಊರಿನ ಶ್ಯಾನುಭೋಗರು ಯಜಮಾನರ ಜೊತೆ.

ಆಟಕ್ಕೆ ಮೊದಲು ಯಜಮಾನರು ನನ್ನನ್ನು ಬಾವಿಯ ಹಿಂದಕ್ಕೆ ಕರೆದರು. "ಚೂಡಪ್ಪಾ, ಅಲ್ಲುಡಿಕಿ ಪೊಗರು ಎಕ್ಕುವಯಿಂದಿ. ಈ ರೋಜು ಓಡಿಪೋವಾಲ." ಅಂದರೆ, ಅಳಿಯನಿಗೆ ಕೊಬ್ಬು ಜಾಸ್ತಿಯಾಗಿದೆ, ಇವತ್ತು ಸೋಲಬೇಕು. ನನಗೆ ಇದೇನು ಹೊಸದೇ? ಆಗಲಿ ಅಂದೆ. ಈಚೆ ಬಂದರೆ ಅವರ ಹೆಂಡತಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು. "ನಾಯನಾ, ಅವನು ಸೋತರೆ ಮುನಿಸ್ಕೊಂಡು ಹೊರಟುಬಿಡ್ತಾನೆ. ನನ್ನ ಮಗಳು ಇನ್ನೊಂದು ವರ್ಷ ಕಾಣ್ಸಲ್ಲ. ಹೆಂಗಾದ್ರೂ ಗೆಲ್ಸಪ್ಪಾ."

ಸೋಲಲು ಗೊತ್ತಿತ್ತು, ಗೆಲ್ಲಲೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಇತ್ತ ಒಂದು ಬಿಟ್ಟೆ, ಅತ್ತ ಒಂದು ಹೊಡೆದೆ. ಹದಿಮೂರಕ್ಕೆ ಹದಿಮೂರಾಯಿತು. ಹದಿನಾಲ್ಕಕ್ಕೆ ಹದಿನಾಲ್ಕಾಯಿತು. ತೋಪಿನ ಜನವೆಲ್ಲ ಸುತ್ತ ನಿಂತಿದೆ. ಮಾವನ ಮುಖ ಕೆಂಪು, ಅಳಿಯನ ಮುಖ ಇನ್ನೂ ಕೆಂಪು. ಇದ್ದದ್ದು ಒಂದೇ ಕಾಕು. ಕಾಕು ನನ್ನತ್ತ ಬಂತು. ಮೈಯ ಬಲವೆಲ್ಲ ಸೇರಿಸಿ ಮೇಲಕ್ಕೆ ಹೊಡೆದೆ. ಹೋಗಿ ಮಾವಿನ ಮರದ ನಡುವೆ ಸಿಕ್ಕಿಕೊಂಡಿತು.

ಯಾರೋ ಮರ ಹತ್ತಿ ಕೊಂಬೆ ಅಲುಗಿಸಿದರು. ಕಾಕು ಬೀಳಲಿಲ್ಲ. ಕೆಂಜಿಗದ ಗೂಡು ಬಿತ್ತು, ಸರಿಯಾಗಿ ಮಾವನಿಗೂ ಅಳಿಯನಿಗೂ ನಡುವೆ. ಎರಡೇ ನಿಮಿಷದಲ್ಲಿ ಇಬ್ಬರೂ ಪಂಚೆ ಕೊಡವಿಕೊಂಡು ಕುಣಿಯುತ್ತಿದ್ದರು. ಮಾವನ ಬೆನ್ನಿನ ಇರುವೆ ಅಳಿಯ ಹೊಡೆದ, ಅಳಿಯನ ಕುತ್ತಿಗೆಯದನ್ನು ಮಾವ ಹೊಡೆದರು. ಮಗಳು ನಕ್ಕಳು, ಅತ್ತೆ ನಕ್ಕರು, ಕೊನೆಗೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. ಮಾವ ಅಳಿಯ ಒಂದಾದರು.

ಒಂದಾದ ಮೇಲೆ ಅವರು ಮೊದಲು ಮಾಡಿದ ಕೆಲಸ ನನ್ನನ್ನು ಬೈದದ್ದು. "ಸಂಬಳ ತಗೊಂಡು ಆಡೋನಿಗೆ ಎಲ್ಲಿ ಹೊಡೀಬೇಕು ಅಂತಾನೂ ಗೊತ್ತಾಗಲ್ವೇನ್ಲಾ?" ನನ್ನ ಜೀವಮಾನದಲ್ಲೇ ಅಷ್ಟು ಗುರಿಯಿಟ್ಟು ಹೊಡೆದದ್ದು ಅದೊಂದೇ ಅಂತ ನಾನು ಹೇಳಲಿಲ್ಲ.

೭. ಒಂದೇ ಒಂದು ಗೆಲುವು

ಸ್ವಾತಂತ್ರ್ಯ ಬಂದ ಮೇಲೆ ಕ್ಲಬ್ಬಿಗೂ ಹೊಸ ಕಮಿಟಿ ಬಂತು. ಹೊಸ ಸೆಕ್ರೆಟರಿ ಚಿಕ್ಕ ವಯಸ್ಸಿನವರು, ಬೆಂಗಳೂರಿನಲ್ಲಿ ಓದಿ ಬಂದವರು. ಎಲ್ಲವನ್ನೂ ಪರಿಶೀಲಿಸುತ್ತೇನೆ ಅಂದರು. ಕುರ್ಚಿ ಎಣಿಸಿದರು, ಲಾಂದ್ರ ಎಣಿಸಿದರು, ಕಪಾಟಿನಲ್ಲಿದ್ದ ಆಟದ ಪುಸ್ತಕಗಳನ್ನು ತೆಗೆದು ಕೂತರು. ದಿನದಿನದ ಆಟದಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಅದರಲ್ಲಿ ಬರೆಯುತ್ತಿದ್ದವನು ನಾನೇ. ಒಂದು ವಾರ ಓದಿ ನನ್ನನ್ನು ಕರೆಸಿದರು.

"ಹದಿನಾಲ್ಕು ವರ್ಷದಲ್ಲಿ ನೀವು ಒಂದೂ ಆಟ ಗೆದ್ದಿಲ್ಲವಲ್ಲ!"

"ಇಲ್ಲ ಸ್ವಾಮಿ."

"ಆಟವೇ ಬಾರದವರಿಗೆ ಕ್ಲಬ್ಬು ಇಷ್ಟು ವರ್ಷ ಸಂಬಳ ಕೊಟ್ಟಿದೆಯಾ?"

ಹಳೆಯ ಸೆಕ್ರೆಟರಿಯವರು ಪಕ್ಕದಲ್ಲೇ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಕೊನೆಗೆ, ಭಾನುವಾರ ಸಂಜೆ ಹೊಸ ಸೆಕ್ರೆಟರಿಯವರ ಜೊತೆ ಎಲ್ಲರೆದುರು ಆಡಿ ತೋರಿಸಬೇಕು ಅಂತ ತೀರ್ಮಾನವಾಯಿತು. ಪ್ರಜೆಗಳ ರಾಜ್ಯವಾದ್ದರಿಂದ ಯಾರು ಬೇಕಾದರೂ ನೋಡಬಹುದು ಅಂದರು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಹನ್ನೊಂದು ವರ್ಷ ಸಂಸಾರ ಮಾಡಿದ್ದಳು. ನಾನು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. "ನೀವು ನಿಜವಾಗ್ಲೂ ಚೆನ್ನಾಗಿ ಆಡ್ತೀರಾ?" ಅಂತ ಕೇಳಿದಳು. ಆ ಪ್ರಶ್ನೆಗೆ ನನಗೇ ಉತ್ತರ ಗೊತ್ತಿಲ್ಲ ಅನ್ನುವುದು ಆಗ ಹೊಳೆಯಿತು. ಅಷ್ಟು ವರ್ಷ ಬಗ್ಗಿಸಿದ ಕೈ ನೆಟ್ಟಗಾಗುತ್ತದೋ ಇಲ್ಲವೋ ಯಾರಿಗೆ ಗೊತ್ತು?

ಭಾನುವಾರ ಅವಳು ಬಿದಿರು ತಟ್ಟಿಯ ಪಕ್ಕ ನಿಂತಿದ್ದಳು. ಮೊದಲ ಸರ್ವಿಸ್ ಹಳೇ ಚಾಳಿಯಂತೆ ನೆಟ್ಟಿಗೆ ಬಿತ್ತು. ಎರಡನೆಯದು ಬೀಳಲಿಲ್ಲ. ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಸೆಕ್ರೆಟರಿಯವರು ಒಳ್ಳೆಯ ಆಟಗಾರರೇ. ಮುಂದಕ್ಕೆ ಬಂದರೆ ಹಿಂದಕ್ಕೆ ಹೊಡೆದೆ, ಹಿಂದಕ್ಕೆ ಹೋದರೆ ನೆಟ್ಟಿನ ಪಕ್ಕ ಉದುರಿಸಿದೆ. ಹದಿನೈದು–ಸೊನ್ನೆ. ಎರಡನೆಯದೂ ಹದಿನೈದು–ಸೊನ್ನೆ. ಚಪ್ಪಾಳೆ ಕೇಳಿಸಲಿಲ್ಲ. ತಟ್ಟಿಯ ಕಡೆ ನೋಡಿದರೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕಮಿಟಿ ಒಳಗೆ ಹೋಗಿ ಕಾಫಿ ಕುಡಿದು ಮಾತಾಡಿ ಹೊರಗೆ ಬಂತು. ಗುಮಾಸ್ತ ನನ್ನ ಕೈಗೆ ಒಂದು ಆರ್ಡರು ಕೊಟ್ಟ. ಕೆಲಸದಿಂದ ತೆಗೆದಿದ್ದರು. ಆಟಕ್ಕೆ ಮೊದಲೇ ಟೈಪು ಮಾಡಿಟ್ಟಿದ್ದ ಸಾಲು ಹೀಗಿತ್ತು: "ಸದರಿ ಮಾರ್ಕರನಿಗೆ ಆಟ ಬಾರದ ಕಾರಣ." ಆಗ ಕಾಗದಕ್ಕೂ ಅಭಾವ, ಹೊಸ ಹಾಳೆ ಹಾಳು ಮಾಡುವುದೇಕೆಂದು ಅದರ ಕೆಳಗೆ ಮಸಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದರು: "ಮತ್ತು ಆಟ ಬಂದರೂ ಬಾರದವನಂತೆ ನಟಿಸಿ, ಹದಿನಾಲ್ಕು ವರ್ಷ ಅಧಿಕಾರಿಗಳಿಗೆ ಮೋಸ ಮಾಡಿದ ಕಾರಣ." ಕೆಳಗೆ ರುಜು ಹಾಕಿದವರಲ್ಲಿ ಹಳೆಯ ಸೆಕ್ರೆಟರಿಯವರೂ ಒಬ್ಬರು.

ಮಾರನೆಯ ದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ನಾನೂ ಅವಳೂ ಕ್ಯಾಲನೂರಿನ ಬಸ್ಸಿಗೆ ಕಾಯುತ್ತಿದ್ದೆವು. ಅವಳು ಆರ್ಡರನ್ನು ಎರಡು ಸಲ ಓದಿಸಿಕೊಂಡಿದ್ದಳು. ಅಷ್ಟರಲ್ಲಿ ಹೊಸ ಸೆಕ್ರೆಟರಿಯವರೇ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದರು. ಹಿಂದಿನ ದಿನ ಅವರಿಗೆ ಅಷ್ಟು ಬೆವರು ಬಂದಿರಲಿಲ್ಲ.

"ಒಂದು ಉಪಕಾರ ಆಗಬೇಕಪ್ಪ. ಹೊಸ ಡೆಪ್ಟಿ ಕಮಿಷನರ್ ಇವತ್ತೇ ಚಾರ್ಜು ತಗೊಂಡಿದಾರೆ. ಸಂಜೆ ಆಟಕ್ಕೆ ಬರ್ತಾರಂತೆ. ನಮ್ಮಲ್ಲಿ ಯಾರಿಗೂ ಆ ಥರ... ಅಂದರೆ, ಹದವಾಗಿ ಆಡೋಕೆ ಬರಲ್ಲ. ಇವತ್ತೊಂದು ದಿನ ಬಂದು, ನಿಮ್ಮ ಹಳೇ ಕ್ರಮದಲ್ಲಿ, ಸೋತುಕೊಟ್ಟು ಹೋಗಿ."

ನಾನು ಬಾಯಿ ತೆರೆದೆ. ಅಭ್ಯಾಸಬಲ, ಎಷ್ಟಕ್ಕೆ ಸೋಲಲಿ ಸ್ವಾಮಿ ಅಂತ ಕೇಳಿಬಿಡುತ್ತಿದ್ದೆನೇನೋ. ಹನ್ನೊಂದು ವರ್ಷ ಕ್ಲಬ್ಬಿನವರೊಬ್ಬರ ಎದುರೂ ತುಟಿ ಬಿಚ್ಚದ ನನ್ನ ಹೆಂಡತಿ ಗಂಟಿನಿಂದ ಆರ್ಡರು ತೆಗೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದಳು.

"ಆಗಲ್ಲ ಸ್ವಾಮಿ. ನಮ್ಮನೆಯವರಿಗೆ ಆಟ ಬರಲ್ಲ ಅಂತ ನೀವೇ ಬರ್ದುಕೊಟ್ಟಿದೀರಲ್ಲ."